ಹಣೆ ಒರೆಸಿ ನೋಡುವ ಆಶಾರಾಣಿ

ಬೆಳಿಗ್ಗೆ ಆರೂಕಾಲು. ಉತ್ತರ ಕೊಡಗಿನ ಪುಟ್ಟ ಆಸ್ಪತ್ರೆಯೊಂದರ ಬಾಣಂತಿಯರ ವಾರ್ಡಿನಲ್ಲಿ ನರ್ಸ್ ಆಶಾರಾಣಿ ಟ್ಯೂಬ್‌ಲೈಟ್ ಆರಿಸಿ, ಮೂರು ದಿನದ ಕೂಸೊಂದನ್ನು ಕಿಟಕಿಯ ಬೆಳಕಿಗೆ ತಂದಿದ್ದಾರೆ. ಒದ್ದೆ ಹತ್ತಿಯಿಂದ ಅದರ ಹಣೆ, ಮೂಗು, ಎದೆ ಒರೆಸುತ್ತಾರೆ. ಬೆರಳಿಂದ ಮೆಲ್ಲಗೆ ಒತ್ತಿ ಬಿಡುತ್ತಾರೆ. ಒತ್ತಿದ ಜಾಗವೆಲ್ಲ ಹಳದಿ. ಕಿಟಕಿಯಾಚೆಯ ಮಂಜು ಸರಿಯಲೆಂದು ಕಾದು ಮತ್ತೊಮ್ಮೆ ಒತ್ತುತ್ತಾರೆ, ಸಮಾಧಾನವಾಗುವುದಿಲ್ಲ. ರಕ್ತಪರೀಕ್ಷೆಗೆ ಕಳಿಸಿದ ಮೇಲಂತೂ ಅವರ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ಹೊರಗೆ ಜೀಪು ಕಾದಿದೆ. ನಾಳೆ ಅಮಾವಾಸ್ಯೆ, ಸೊಸೆ ಸೌಜನ್ಯಳನ್ನೂ ಮೊಮ್ಮಗನನ್ನೂ ಇವತ್ತೇ ಮನೆಗೆ ಕರೆದೊಯ್ಯಬೇಕೆಂದು ಚನ್ನಬಸಮ್ಮ ಪಟ್ಟು ಹಿಡಿದಿದ್ದಾರೆ. ಕಾಮಾಲೆಗೆ ಕಾರಣವನ್ನೂ ಅವರೇ ಹುಡುಕಿಟ್ಟಿದ್ದಾರೆ: ಸಿಸೇರಿಯನ್ ದಿನ ಕೊಟ್ಟ ಮತ್ತಿನ ಇಂಜೆಕ್ಷನ್. ಅಂದು ಕೂಸಿನ ಎದೆಬಡಿತ ಇಳಿದಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟುವವರೆಗೆ ಕಾಯುವಷ್ಟು ವ್ಯವಧಾನವಿಲ್ಲದೆ ಸೌಜನ್ಯಳನ್ನು ಪ್ರಜ್ಞೆ ತಪ್ಪಿಸಿ ಪೂರ್ತಿ ಮಲಗಿಸಿದ್ದರು. ಆ ವಿಷ ಮನೆಯ ಬಿಸಿಲಿಗೆ ಇಳಿಯುತ್ತದೆ ಎಂಬುದು ಅಜ್ಜಿಯ ವಾದ. ಬಿಸಿಲು ಎಲ್ಲಿದೆಯೆಂದು ಕೇಳುವ ಧೈರ್ಯ ಮಾತ್ರ ವಾರ್ಡಿನಲ್ಲಿ ಯಾರಿಗೂ ಇಲ್ಲ.

ಹಾರಂಗಿ ಕಡೆಯ ರೈತರ ಮನೆಯ ಆಶಾರಾಣಿಗೆ ಇದು ಹದಿನಾರನೇ ವರ್ಷದ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಕೂಸುಗಳು ಅವರ ಬೆರಳಡಿ ಹಾದುಹೋಗುತ್ತವೆ. ಜೇಬಿನಲ್ಲೊಂದು ಮಾಸಿದ ನೋಟ್‌ಬುಕ್. ಅದರಲ್ಲಿ ನಾಲ್ಕು ವರ್ಷಗಳ ಇನ್ನೂರ ಹನ್ನೆರಡು ಸಿಸೇರಿಯನ್ ಕೂಸುಗಳಿವೆ. ಒಂದೊಂದರ ಮುಂದೂ ‘ಬೆನ್ನಿಗೆ’ ಅಥವಾ ‘ಪೂರ್ತಿ’, ಮೊದಲು ಹಾಲು ಕುಡಿದ ಹೊತ್ತು, ಕಾಮಾಲೆಯ ಅಂಕಿ. ಇಷ್ಟರಿಂದ ಏನೂ ಸಾಬೀತಾಗದು ಎಂದು ಡಾಕ್ಟರು ಹೇಳಿದ್ದಾರೆ. ಇವರೂ ಒಪ್ಪುತ್ತಾರೆ.

“ಮತ್ತಿನ ಔಷಧೀನೇ ಕಾರಣ ಅಂತ ನಾನ್ ಹೇಳಲ್ಲ. ಪೂರ್ತಿ ಮಲಗಿದ ತಾಯಿ ಎಚ್ಚರ ಆಗೋದು ತಡ, ಹಾಲೂ ತಡ. ಹಾಲು ಕಮ್ಮಿ ಆದ್ರೆ ಹಳದಿ ಹೊರಗ್ ಹೋಗೋದೂ ನಿಧಾನ. ಅಂಥ ಕೂಸಿನ ಮೇಲೆ ಒಂದ್ ಕಣ್ಣು ಜಾಸ್ತಿ ಇಡ್ತೀನಿ, ಅಷ್ಟೆ.”

ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿರುವುದು ಮೂರ್ನಾಡಿನ ಹೆಣ್ಣುಕೂಸು. ಅದಕ್ಕೆ ಮನೆಯವರು ಅರಿಸಿನ ಹಚ್ಚಿ ಸ್ನಾನ ಮಾಡಿಸಿದ್ದರು. ಮೈಯ ಹಳದಿಯೆಲ್ಲ ಅರಿಸಿನದ್ದೇ ಎಂದುಕೊಂಡ ಆಶಾರಾಣಿ, ಒರೆಸಿ ನೋಡದೆ ಮನೆಗೆ ಕಳಿಸಿದರು. ಎರಡೇ ದಿನಕ್ಕೆ ಕೂಸು ಹಾಲು ಬಿಟ್ಟು ವಾಪಸು ಬಂತು. ಜೀವ ಉಳಿಯಿತು, ಆದರೆ ಕಾಮಾಲೆ ಮಿದುಳಿಗೇರಿ ಕಿವಿ ಕೇಳಿಸದಾಯಿತು. ತಪ್ಪು ತನ್ನದೇ ಎನ್ನುವಾಗ ಅವರು ಸುತ್ತಿ ಬಳಸಿ ಮಾತಾಡುವುದಿಲ್ಲ. ಒದ್ದೆ ಹತ್ತಿ ಅವರ ಕೈಗೆ ಬಂದದ್ದು ಅಂದಿನಿಂದ.

ಇವತ್ತು ಆ ಕಥೆಯನ್ನು ಅವರು ಚನ್ನಬಸಮ್ಮನ ಪಕ್ಕ ನಿಂತು ಹೇಳುತ್ತಾರೆ. ಅಜ್ಜಿ ಮನೆಗೊಯ್ಯುವ ಗಂಟು ಕಟ್ಟುವುದನ್ನು ನಿಲ್ಲಿಸುವುದಿಲ್ಲ. ಆಶಾರಾಣಿ ಬಾಗಿಲಿಗೂ ಲ್ಯಾಬಿಗೂ ಮೂರು ಸಲ ಎಡತಾಕುತ್ತಾರೆ. ಏಳೂವರೆಗೆ ಚೀಟಿ ಬರುತ್ತದೆ. ಅಂಕಿ ಹದಿನೆಂಟು. ಕೂಡಲೇ ಹಳದಿ ಇಳಿಸುವ ದೀಪದ ಕೆಳಗೆ ಮಲಗಿಸಬೇಕೆಂದು ಡಾಕ್ಟರು ಹೇಳುತ್ತಾರೆ. ಚನ್ನಬಸಮ್ಮ ಮಗ ಕೀರ್ತಿಕುಮಾರನನ್ನು ಕರೆದು ಜೀಪು ಕಳಿಸಿಬಿಡಲು ಹೇಳುತ್ತಾರೆ.

ನೀಲಿ ಬೆಳಕಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂಸು ಮಲಗಿದೆ. ಗಂಟು ಬಿಚ್ಚುತ್ತಿದ್ದ ಅಜ್ಜಿಯ ಕೈಯಿಂದ ಸ್ಟೀಲ್ ಲೋಟ ಜಾರಿ ಠಣ್ಣೆಂದು ಬೀಳುತ್ತದೆ. ಕೂಸು ಬೆಚ್ಚಿಬಿದ್ದು ಕೈಕಾಲು ಚಾಚಿ ಅಳುತ್ತದೆ. ಅಕ್ಕಪಕ್ಕದ ಮಂಚದವರು ಗೊಣಗುತ್ತಾರೆ, ಅಜ್ಜಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಬೆಳಗಿನಿಂದ ಮೊದಲ ಸಲ ಆಶಾರಾಣಿ ಸ್ಟೂಲಿನ ಮೇಲೆ ಕೂರುತ್ತಾರೆ.

“ಇರ್ಲಿ ಬಿಡಿ ಅಜ್ಜಿ,” ಎನ್ನುತ್ತಾರೆ. “ಅವನಿಗೆ ಕೇಳಿಸ್ತಲ್ಲ.”