ಹುಣಸೆ ಕೆಮ್ಮು

ಅಕ್ಕ ಮಾತ್ರೆ ನುಂಗಿ ನೀರು ಕುಡಿದ ಮೇಲೆ ಅಮ್ಮ ಅವಳ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡುತ್ತಿದ್ದಳು. ಒಂದು ಮಗುವಿನ ತಾಯಿಯಾದವಳು ಕುಣಿಗಲ್‌ನ ನಮ್ಮ ಮನೆಯ ಹಜಾರದಲ್ಲಿ ಕುಳಿತು, ಕದ್ದು ಸಿಕ್ಕಿಬಿದ್ದ ಸ್ಕೂಲು ಹುಡುಗಿಯ ಹಾಗೆ ಬಾಯಿ ಕಳೆಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆದರೆ ಅಮ್ಮನನ್ನೂ ಪೂರ್ತಿ ದೂರುವಂತಿರಲಿಲ್ಲ. ಟಿಬಿಗೆ ಮಾತ್ರೆ ಶುರುವಾಗಿ ತಿಂಗಳುಗಳು ಕಳೆದರೂ ಅಕ್ಕನ ಜ್ವರ ಬಿಟ್ಟಿರಲಿಲ್ಲ. ಗುಬ್ಬಿಯಿಂದ ಅವಳ ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು.

"ನುಂಗುದ್ರೆ ತಾನೆ ವಾಸಿ ಆಗೋದು? ಹಿತ್ತಲಿಗೆ ಬಿಸಾಕ್ತಾವ್ಳೆ ನಿಮ್ ಮಗಳು."

ಮಳೆಗಾಲದಲ್ಲಿ ಕಾಯಿಲೆ ಇದೇ ಎಂದು ಗೊತ್ತಾದ ಕೂಡಲೇ ಭಾವ ಅಕ್ಕನನ್ನು ತಂದು ತವರಿನಲ್ಲಿ ಬಿಟ್ಟು ಹೋಗಿದ್ದ. ಮಗು ಗುಬ್ಬಿಯಲ್ಲೇ ಉಳಿಯಿತು. ದೀಪಾವಳಿಯ ಹೊತ್ತಿಗೆ ಅತ್ತೆಗೂ ಟಿಬಿ ಬಂತು. ಅವರಿಗೂ ಮಾಮೂಲಿ ಮಾತ್ರೆ ನಾಟಲಿಲ್ಲ. ಅಲ್ಲಿಗೆ ಆರೋಪ ಎರಡಾದವು. ರೋಗವನ್ನು ತವರಿನಿಂದ ಹೊತ್ತು ತಂದವಳು ಅಕ್ಕ. ಮಾತ್ರೆ ಬಿಸಾಡಿ, ರೋಗವನ್ನು ಮೊಂಡು ಮಾಡಿ, ಅತ್ತೆಗೆ ಅಂಟಿಸಿದವಳೂ ಅಕ್ಕ. ಶಿಕ್ಷೆ ಮಾತ್ರ ಒಂದೇ: ಮಗುವಿನ ಹತ್ತಿರ ಸುಳಿಯುವ ಹಾಗಿಲ್ಲ.

ನಾನು ತುಮಕೂರಿನಲ್ಲಿ ಕಾನೂನು ಓದುತ್ತೇನೆ, ಶಿರಾ ಗೇಟ್ ಹತ್ತಿರ ರೂಮು. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುವವಳು. ಆರೋಪ ಮಾಡಿದವರೇ ಸಾಬೀತು ಮಾಡಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಆ ಪಾಠ ಗುಬ್ಬಿಯಲ್ಲಿ ನಡೆಯಲಿಲ್ಲ. ಅಕ್ಕ ಮಾತ್ರೆ ಶುರು ಮಾಡಿದ್ದೇ ಕುಣಿಗಲ್‌ಗೆ ಬಂದ ಮೇಲೆ, ಇಲ್ಲಿ ಮೊಂಡಾದ ರೋಗಾಣು ಬಸ್ಸು ಹತ್ತಿ ಗುಬ್ಬಿಗೆ ಹೋಯಿತೇ ಎಂದು ಕೇಳಿದೆ. "ಗೌರಿ ಹಬ್ಬಕ್ಕೆ ಬಂದು ಮಗೂನ ನೋಡ್ಕಂಡು ಹೋದ್ಲಲ್ಲ, ಅವಾಗ ಕೊಟ್ಟೋದ್ಲು" ಎಂದರು ಅತ್ತೆ. ಬಾಗಿಲಲ್ಲೇ ನಿಲ್ಲಿಸಿ, ದೂರದಿಂದ ಮಗು ತೋರಿಸಿ ಕಳಿಸಿದ್ದ ಹಬ್ಬ ಅದು.

ತುಮಕೂರಿನ ಆಸ್ಪತ್ರೆಯಲ್ಲಿ ಇಬ್ಬರಿಗೂ ಹೊಸ ಮಾತ್ರೆ ಕೊಟ್ಟರು, ಇಬ್ಬರ ಕಫದ ಮಾದರಿಯನ್ನೂ ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ರೋಗಾಣುವಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ, ಯಾವ ಔಷಧಿಗೆ ಅದು ಬಗ್ಗುವುದಿಲ್ಲ ಎಂದೂ, ಯಾರ ರೋಗಾಣು ಯಾರದ್ದಕ್ಕೆ ನೆಂಟ ಎಂದೂ ತಿಳಿಯುತ್ತದೆ ಎಂದರು. ನನಗೆ ಅನುಮಾನ. ಭಾವನೇ ಅವನಮ್ಮನ ಡಬ್ಬಿ ತಂದುಕೊಟ್ಟವನು. ಅದರೊಳಗೆ ಯಾರ ಕಫವಿತ್ತೋ! ಲ್ಯಾಬಿನಲ್ಲಿ ಚೀಟಿ ಅದಲು ಬದಲಾಗುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ?

ಸಂಕ್ರಾಂತಿ ಕಳೆದ ಮೇಲೆ ವರದಿ ಬಂತು. ಅಕ್ಕನ ಪರವಾಗಿ ನಾನು, ತಾಯಿಯ ಪರವಾಗಿ ಭಾವ, ಡಾಕ್ಟರ ಮುಂದೆ ಕುಳಿತೆವು. ಡಾಕ್ಟರು ನಡುವಯಸ್ಸಿನ ಹೆಂಗಸು, ನಗುವುದು ಕಡಿಮೆ. ಚೀಟಿಯ ಪ್ರಶ್ನೆಯನ್ನು ನಾನು ಮೊದಲೇ ಹಾಕಿದೆ.

"ಕೇಳಿದ್ದು ಒಳ್ಳೇದೇ. ನಮಗೂ ಅನುಮಾನ ಬಂದು ಇಬ್ಬರ ಹತ್ರಾನೂ ಇಲ್ಲೇ, ನಮ್ಮೆದುರಿಗೇ ಇನ್ನೊಂದು ಸಲ ಕಫ ತಗೊಂಡ್ವಿ. ಅದೂ ಹೊಂದುತ್ತೆ" ಎಂದರು. ಆಮೇಲೆ, "ನೀವು ಸ್ಟೂಡೆಂಟ್ ಅಲ್ವೇನ್ರಿ? ಪರೀಕ್ಷೇಲಿ ಕಾಪಿ ಹೊಡೆದಿದ್ದು ಹೆಂಗೆ ಗೊತ್ತಾಗುತ್ತೆ?"

"ತಪ್ಪು ಉತ್ತರದಿಂದ. ಇಬ್ಬರೂ ಒಂದೇ ಥರ ತಪ್ಪು ಬರೆದಿದ್ರೆ."

"ಅಷ್ಟೇ ಇಲ್ಲೂ. ರೋಗಾಣು ತನ್ನನ್ನ ತಾನೇ ಕಾಪಿ ಮಾಡ್ಕೊಳ್ತಾ ಹೋಗುತ್ತೆ. ಅಲ್ಲೊಂದು ಇಲ್ಲೊಂದು ತಪ್ಪಾಗುತ್ತೆ, ಆ ತಪ್ಪು ಮುಂದಿನ ಕಾಪಿಗೂ ಹೋಗುತ್ತೆ. ನಿಮ್ಮಕ್ಕನದ್ದೂ ಇವರ ತಾಯಿಯದ್ದೂ ತಪ್ಪುಗಳು ಹೆಚ್ಚುಕಡಿಮೆ ಒಂದೇ. ಒಂದೇ ಸರಪಳಿ."

ಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅತ್ತೆ ಗೆದ್ದರು ಎಂದುಕೊಂಡೆ.

"ಔಷಧಿಗೆ ಬಗ್ಗದ ಹಾಗೆ ಮಾಡೋ ತಪ್ಪೂ ಇಬ್ಬರಲ್ಲೂ ಇದೆ" ಡಾಕ್ಟರು ಮುಂದುವರಿಸಿದರು. "ಆದರೆ ನಿಮ್ಮಕ್ಕ ಒಂದೂ ಮಾತ್ರೆ ನುಂಗೋಕೆ ಮುಂಚೆ ಕೊಟ್ಟ ಕಫಾನೂ ಎತ್ತಿಟ್ಟಿದ್ರು, ಅದನ್ನೂ ಲ್ಯಾಬಿಗೆ ಕಳಿಸಿದ್ವಿ. ಅದರಲ್ಲೇ ಇದು ಇತ್ತು. ಮಾತ್ರೆ ಬಿಸಾಕಿ ಮೊಂಡು ಮಾಡ್ಕೊಂಡರು ಅನ್ನೋದು ಸುಳ್ಳು. ಮೊಂಡಾಗೇ ಬಂದಿದ್ದು."

ಒಂದು ಆರೋಪ ಬಿತ್ತು. ನಾನು ಭಾವನ ಕಡೆ ನೋಡಿದೆ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಇನ್ನೊಂದು. ನಿಮ್ಮಕ್ಕನದ್ದರಲ್ಲಿ ಇರೋ ಕೆಲವು ತಪ್ಪು ಅವರ ಅತ್ತೇದರಲ್ಲಿಲ್ಲ. ಅತ್ತೇದರಲ್ಲಿ ಇರೋದು ನಿಮ್ಮಕ್ಕನದ್ದರಲ್ಲಿಲ್ಲ."

"ಅಂದ್ರೆ ಅಕ್ಕ ಕೊಟ್ಟಿಲ್ಲ!"

"ಹಾಗಂತ ನಾನು ಹೇಳಿದ್ನಾ? ಇಬ್ಬರೂ ಮೂರನೆಯವರೊಬ್ಬರ ಪೇಪರ್ ನೋಡಿ ಬರೆದ ಹಾಗೆ ಕಾಣುತ್ತೆ. ಕಾಣುತ್ತೆ ಅಂದೆ. ಯಾರು ಯಾರಿಗೆ ಕೊಟ್ಟರು ಅಂತ ಇದು ಕೋರ್ಟಲ್ಲಿ ಸಾಕ್ಷಿ ಹೇಳೋಲ್ಲ. ಯಾರು ಕೊಟ್ಟರು ಅನ್ನೋದು ನಿಮ್ಮ ಪ್ರಶ್ನೆ ಕಣ್ರೀ. ಯಾರು ಇನ್ನೂ ಕೆಮ್ಮುತ್ತಾ ಓಡಾಡ್ತಿದಾರೆ ಅನ್ನೋದು ನನ್ನದು."

ಗುಬ್ಬಿಯ ಮನೆಯಲ್ಲಿ ಉಳಿದವರು ಭಾವ ಮತ್ತು ಮಗು ಮಾತ್ರ. ಇಬ್ಬರಿಗೂ ಪರೀಕ್ಷೆಯಾಗಿತ್ತು, ಇಬ್ಬರಲ್ಲೂ ರೋಗವಿರಲಿಲ್ಲ. ಅತ್ತೆಸೊಸೆ ಇಬ್ಬರೂ ಬಹಳ ಹೊತ್ತು ಮುಚ್ಚಿದ ಕೋಣೆಯಲ್ಲಿ ಕೂರುವ ಜಾಗ ಬೇರೆ ಯಾವುದಾದರೂ ಇದೆಯೇ ಎಂದು ಡಾಕ್ಟರು ಕೇಳಿದರು. ಭಾವ ಇಲ್ಲವೆಂದು ತಲೆಯಾಡಿಸಿದ. ಅಷ್ಟು ಬೇಗ ಆಡಿಸಿದ್ದು ನನಗೆ ಸರಿಕಾಣಲಿಲ್ಲ. ಇವರು ಯಾರೋ ನೆಂಟನನ್ನು ಮುಚ್ಚಿಡುತ್ತಿದ್ದಾರೆ ಎಂದು ಮಾರನೆಯ ವಾರ ಗುಬ್ಬಿ ಬಸ್ಸು ಹತ್ತಿದೆ.

ಅತ್ತೆ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು.

"ಏನವ್ವ ಲಾಯರಮ್ಮ, ನಮ್ಮನೇಗೂ ವಾರಂಟ್ ತಂದಿದೀಯಾ?"

"ಒಂದು ಪ್ರಶ್ನೆ ತಂದಿದೀನಿ ಅತ್ತೆ. ಕಾಯಿಲೆ ಅಂತ ತಾಯೀನ ದೂರ ಇಟ್ರಿ. ನಿಮಗೂ ಅದೇ ಕಾಯಿಲೆ. ಮಗು ನಿಮ್ಮ ಹತ್ರ ಹೆಂಗೆ ಇದೆ?"

ಈ ಏಟಿಗೆ ಅವರು ತಡವರಿಸುತ್ತಾರೆ ಎಂದುಕೊಂಡಿದ್ದೆ. "ನನ್ನತ್ರ ಎಲ್ಲೈತೆ?" ಎಂದರು, ದನಿ ಇಳಿಸಿ. "ನನ್ ಗಾಳಿ ತಾಕಬಾರ್ದು ಅಂತ ಹೊತ್ತುಟ್ಟಿದ್ ತಕ್ಷಣ ಹುಣಸೆ ಶೆಡ್ಡಿಗೆ ಕಳುಸ್ತೀನಿ. ಅಲ್ಲಿ ಹಣ್ಣು ಬಿಡ್ಸೋ ಅಜ್ಜಿ ಒಂದೈತೆ, ಅದು ನೋಡ್ಕತದೆ. ಕತ್ಲಾದ್ ಮೇಲೆ ಅವರಪ್ಪನ ಪಕ್ಕ ಮಲಗ್ತದೆ. ನಾನೇನು ಕಟುಕಳಾ?"

ಶೆಡ್ಡು ಎರಡು ಬೀದಿಯ ಆಚೆ. ಹುಣಸೆಯ ಕಾಲದಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲಿ ಕುಳಿತು ಹಣ್ಣು ಬಡಿದು ನಾರು ಬೀಜ ಬಿಡಿಸುತ್ತಾರೆ. ಹಿಂದಿನ ಸಲ ಅತ್ತೆಸೊಸೆ ಇಬ್ಬರೂ ಹೋಗಿದ್ದರು. ಭಾವನಿಗೆ ಅದು ಜಾಗ ಅನ್ನಿಸಿಯೇ ಇರಲಿಲ್ಲ, ಕೆಲಸ ಅಷ್ಟೇ.

ನಾನು ಬಾಗಿಲು ತಳ್ಳಿದ ಕೂಡಲೇ ಒಳಗಿನಿಂದ ಕೂಗು. "ಮುಚ್ಚವ್ವ ಬಾಗ್ಲಾ, ಗಾಳಿ ಆಡುದ್ರೆ ಹಣ್ಣು ಕಪ್ಪಾಯ್ತದೆ!" ಒಂದೇ ಬಲ್ಬಿನ ಬೆಳಕು, ಹುಳಿ ವಾಸನೆ, ಕಣ್ಣಿಗೆ ಕಾಣುವಷ್ಟು ಧೂಳು. ಎಲ್ಲರೂ ಕೆಮ್ಮುತ್ತಿದ್ದರು. ಮಗು ಮೂಲೆಯಲ್ಲಿ ಒಬ್ಬ ಮುದುಕಿಯ ತೊಡೆಯ ಮೇಲೆ ಕುಳಿತು ಹುಣಸೆ ಬೀಜ ಆಡುತ್ತಿತ್ತು.

"ಇಷ್ಟು ಜನ ಕೆಮ್ತಿದೀರಲ್ಲ, ಯಾರೂ ಆಸ್ಪತ್ರೆಗೆ ತೋರಿಸ್ಕೊಂಡಿಲ್ವಾ?" ಎಂದೆ.

"ತೋರ್ಸೋದೇನು? ಹುಣಸೆ ಕೆಮ್ಮು ಕಣವ್ವ ಇದು. ಯುಗಾದಿ ಕಳುದ್ರೆ ತಾನಾಗೇ ಹೋಯ್ತದೆ" ಎಂದಳು ಬಾಗಿಲ ಬಳಿಯವಳು.

"ನಮ್ದು ಹೋಯ್ತದೆ, ಅಜ್ಜೀದೆಲ್ಲಿ ಹೋಯ್ತದೆ?" ಇನ್ನೊಬ್ಬಳು ಕಿಚಾಯಿಸಿದಳು. "ಆಷಾಢದಾಗೂ ಖಣ್ ಖಣ್ ಅಂತದೆ. ಅಜ್ಜಿ ಹುಣಸೆ ಮರನೇ ನುಂಗ್‌ಬುಟ್ಟೈತೆ!"

"ನಗ್ರೇ ನಗ್ರಿ. ನಿಮ್ ಮಕ್ಳುನ್ನೆಲ್ಲ ಸಾಕಿರೋ ಎದೆ ಇದು, ಸವುದದೆ" ಎಂದು ಅಜ್ಜಿಯೂ ನಕ್ಕು, ನಗು ಕೆಮ್ಮಾಗಿ, ಮುಖ ಆಚೆ ತಿರುಗಿಸಿ ಸೆರಗು ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಷಾಢದಲ್ಲಿ ಹುಣಸೆ ಎಲ್ಲಿರುತ್ತದೆ?

ಹೊರಗೆ ಬಂದು ಮೊದಲು ಡಾಕ್ಟರಿಗೆ ಫೋನು ಮಾಡಿದೆ, ಆಮೇಲೆ ಭಾವನ ಮೋಟಾರ್ ರಿಪೇರಿ ಅಂಗಡಿಗೆ ಹೋದೆ. ಮಗುವನ್ನು ಇವತ್ತೇ ಅಲ್ಲಿಂದ ಕರೆದುಕೊಂಡು ಬಾ, ಮುಚ್ಚಿದ ಕೋಣೆ ಮಕ್ಕಳಿಗೆ ಒಳ್ಳೆಯದಲ್ಲ ಎಂದಷ್ಟೇ ಹೇಳಿದೆ. ಅವನು ಕೈಗೆ ಹತ್ತಿದ್ದ ಗ್ರೀಸನ್ನೂ ಒರೆಸಿಕೊಳ್ಳದೆ ಎದ್ದು ಹೋದ.

ಆಸ್ಪತ್ರೆಯವರು ಬಂದು ಶೆಡ್ಡಿನಲ್ಲಿ ಎಲ್ಲರ ಕಫ ತೆಗೆದುಕೊಂಡು ಹೋದರು. ಯಾರೋ ಕಂಪ್ಲೇಂಟ್ ಕೊಟ್ಟಿದ್ದಾರೆ, ಶೆಡ್ಡು ಮುಚ್ಚಿಸಲು ಹೂಡಿದ ಆಟ ಎಂದು ಬೀದಿಯಲ್ಲಿ ಸುದ್ದಿಯಾಯಿತು. ಯಾರೋ ಅಂದರೆ ನಾನೇ ಎಂದು ಅತ್ತೆಗೆ ಅನುಮಾನ, ನಿಜವೇ ಆಗಿತ್ತು.

ಯುಗಾದಿಯ ಹೊತ್ತಿಗೆ ಹೊಸ ಮಾತ್ರೆ ಅಕ್ಕನಿಗೆ ಹಿಡಿದಿತ್ತು. ಅವಳ ಕಫದಲ್ಲಿ ರೋಗಾಣು ಬೆಳೆಯುತ್ತಿಲ್ಲ, ಮಗುವಿನ ಜೊತೆ ಇರಬಹುದು ಎಂದು ಡಾಕ್ಟರು ಹೇಳಿದರು. ಮಗುವಿಗೂ ಮುನ್ನೆಚ್ಚರಿಕೆಯ ಔಷಧಿ ಶುರುವಾಗಿತ್ತು. ಕೊನೆಗೆ, "ಮೂರನೆಯವರು ಸಿಕ್ಕಿದ್ರು. ಅವರ ರೋಗಾಣುವಿನಲ್ಲಿ ನಿಮ್ಮವರಿಬ್ಬರಿಗೂ ಸಮಾನವಾದ ತಪ್ಪುಗಳಷ್ಟೇ ಇವೆ, ಬೇರೆ ಬೇರೆಯಾಗಿರೋ ತಪ್ಪುಗಳಿಲ್ಲ. ಮೂಲಕ್ಕೆ ಹತ್ತಿರ" ಎಂದರು.

"ಯಾರು?"

"ಅದನ್ನ ಹೇಳಲ್ಲ."

ಅವರು ಹೇಳಬೇಕಾಗಿರಲಿಲ್ಲ. ಹೊರಗೆ ಮಾತ್ರೆ ಕೊಡುವ ಕಿಟಕಿಯ ಸಾಲಿನಲ್ಲಿ, ಮಾಸ್ಕಿನ ಮೇಲೆ ಸೆರಗನ್ನೂ ಎಳೆದುಕೊಂಡು ಅಜ್ಜಿ ನಿಂತಿದ್ದಳು. ಬೆರಳ ತುದಿಗಳು ಹುಣಸೆಯ ಕಪ್ಪು. ನನ್ನನ್ನು ಕಂಡು ಗೋಡೆಯ ಕಡೆ ತಿರುಗಿದಳು, ಮತ್ತೆ ತಾನೇ ಹತ್ತಿರ ಬಂದಳು.

"ತುಮಕೂರಲ್ಲಿ ಮಗಳ ಮನೇಲಿವ್ನಿ ಕಣವ್ವ. ಊರಲ್ಲಿ ಕಣ್ಣಾಪ್ರೇಸನ್ನು ಅಂದಿವ್ನಿ. ನೀನೂ ಹಂಗೇ ಅನ್ನು." ಆಮೇಲೆ, "ಮಗೀಗೇನೂ ಆಗಿಲ್ವಲ್ಲ?"

ಆಗಿಲ್ಲ ಎಂದೆ. ಅಜ್ಜಿ ಕೈಮುಗಿದು ಸಾಲಿಗೆ ಹಿಂದಿರುಗಿದಳು.

ಅದೇ ವಾರ ಅಕ್ಕನೂ ನಾನೂ ಗುಬ್ಬಿಗೆ ಹೋದೆವು. ಬೀದಿಯ ತುದಿಯಲ್ಲಿ ಆಟೋ ಇಳಿದು, ಬ್ಯಾಗನ್ನು ಆಟೋದಲ್ಲೇ ಬಿಟ್ಟು, ಕಾಯುವಂತೆ ಹೇಳಿದೆವು. ವಾಪಸ್ಸು ಕಳಿಸಿದರೆ ಎಂಬ ಭಯ. ಅತ್ತೆ ಜಗಲಿಯಿಂದ ಏಳಲಿಲ್ಲ. ಭಾವ ಬಾಗಿಲಿಗೆ ಒರಗಿ ನಿಂತಿದ್ದ, ಮಗು ಅವನ ಕಾಲು ಹಿಡಿದುಕೊಂಡಿತ್ತು. ವರದಿಯಲ್ಲಿ ಇದ್ದುದನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ. ಕಾಪಿ, ತಪ್ಪು, ಮೂರನೆಯವರು.

ಅತ್ತೆ ಪೂರ್ತಿ ಕೇಳಿದರು. "ಸರಿ. ಮೂರ್ನೇಯೋರು ಯಾರು ಹೇಳು. ಹೆಸ್ರು ಹೇಳುದ್ರೆ ನಂಬ್ತೀನಿ, ನಿಮ್ಮಕ್ಕ ಒಳೀಕ್ ಬರ್ಲಿ."

ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು, ಅಕ್ಕ ಗೆದ್ದಳು, ಮಗು ಸಿಕ್ಕಿತು. ಅಜ್ಜಿ ಬೇಕೆಂದು ಕೊಟ್ಟವಳಲ್ಲ ನಿಜ, ಆದರೆ ನನ್ನಕ್ಕನೂ ಅಲ್ಲವಲ್ಲ. ಅಜ್ಜಿಗೆ ಅದು ಯಾರಿಂದ ಬಂತೋ, ಸರಪಳಿಯ ಆ ಕೊನೆ ಯಾವ ಲ್ಯಾಬಿಗೂ ಸಿಕ್ಕಿರಲಿಲ್ಲ. ನಾನು ಬಾಯಿ ತೆರೆದೆ.

"ಹೇಳ್‌ಬ್ಯಾಡ ಕಣೇ" ಎಂದಳು ಅಕ್ಕ. ಅವಳಿಗೆ ನಾನು ಹೇಳಿರಲಿಲ್ಲ. ಆ ಶೆಡ್ಡಿನಲ್ಲಿ ಕುಳಿತು ಬಂದವಳಿಗೆ ಹೇಳುವ ಅಗತ್ಯವಿರಲಿಲ್ಲವೇನೋ. "ಅತ್ತೆ, ನೀವು ನುಂಗೋ ಮಾತ್ರೆನೂ ನಾನು ನುಂಗೋ ಮಾತ್ರೆನೂ ಒಂದೇ. ಇನ್ನೊಬ್ರು ಹೆಸ್ರು ಹಿಡ್ಕೊಂಡು ನಾನು ಒಳಗೆ ಬರಲ್ಲ. ಮಗೂಗೋಸ್ಕರ ಬರ್ತೀನಿ, ನೀವು ನಂಬುದ್ರೂ ಸೈ, ಬುಟ್ರೂ ಸೈ."

ಹಾಗೆಂದು ಅವಳು ಮೆಟ್ಟಿಲ ಮೇಲೇ ಕುಳಿತಳು. ಮಗು ಅಪ್ಪನ ಕಾಲಿನ ಹಿಂದೆ ಸರಿಯಿತು. ಅದಕ್ಕೆ ಅವಳ ಗುರುತು ಹತ್ತಲಿಲ್ಲವೋ ಮುನಿಸೋ ತಿಳಿಯಲಿಲ್ಲ. ಭಾವ ಕಾಲು ಬಿಡಿಸಿಕೊಂಡು ನನ್ನ ಪಕ್ಕದಿಂದ ಹಾದು ಬೀದಿಯ ತುದಿಗೆ ನಡೆದ. ಹಿಂದಿರುಗಿದಾಗ ಅಕ್ಕನ ಬ್ಯಾಗು ಅವನ ಕೈಯಲ್ಲಿತ್ತು. ತಾಯಿಯ ಮುಖ ನೋಡದೆ ಅದನ್ನು ಒಳಗೆ ಒಯ್ದಿಟ್ಟ.

ಅತ್ತೆ ನನ್ನ ಕಡೆ ತಿರುಗಿದರು. "ಹೇಳಲ್ವಾ ಹಂಗಾರೆ?"

"ಇಲ್ಲ ಅತ್ತೆ."

"ಸೋತೆ ಬುಡು."

"ಸೋತೆ" ಎಂದೆ. ಮಗು ಬಾಗಿಲ ಸಂದಿಯಿಂದ ಅಕ್ಕನನ್ನೇ ನೋಡುತ್ತಿತ್ತು.