ಅಕ್ಕನ ಬೆರಳುಗಳು

ನನ್ನ ಅಕ್ಕ ಯಕ್ಷಗಾನಕ್ಕೆ ಮದ್ದಳೆ ನುಡಿಸುತ್ತಾಳೆ. ಉಪ್ಪಿನಂಗಡಿಯಲ್ಲಿ ಒಮ್ಮೆ ಅವಳ ನುಡಿಸಾಣಿಕೆ ಕೇಳಿದ ಹಿರಿಯರೊಬ್ಬರು, "ಇದು ಹೆಂಗಸಿನ ಕೈಯಾ ಮಾರಾಯ್ರೆ!" ಎಂದಾಗ ನನಗೆ ರೇಗಿತ್ತು. ಹೆಂಗಸಿನ ಕೈಯೇ. ಇಪ್ಪತ್ತು ವರ್ಷ ಒಂದು ಬೆಳಗೂ ತಪ್ಪದೆ ಚರ್ಮಕ್ಕೆ ಬಡಿದ ಕೈ.

ಕಳೆದ ತಿಂಗಳು ಬೆಳ್ಳಾರೆಯ ಅವಳ ಮನೆಗೆ ಹೋಗಿದ್ದೆ. ಅವಳ ಮೂರು ವರ್ಷದ ಮಗಳು ಯಾಕೋ ಮಂಕಾಗಿ ಕೂತಿದ್ದಳು. ಅಕ್ಕ ಬಗ್ಗಿ, ಮಗುವಿನ ಹಣೆಗೆ ತನ್ನ ಕೆನ್ನೆಯನ್ನು ಒತ್ತಿ ಹಿಡಿದಳು. ಮುದ್ದು ಮಾಡುತ್ತಿದ್ದಾಳೆ ಎಂದುಕೊಂಡೆ.

"ಜ್ವರ ಉಂಟು," ಎಂದಳು.

"ಕೈಯಿಟ್ಟು ನೋಡುದಲ್ವಾ ಅಕ್ಕ?"

ಅವಳು ಕೈ ಚಾಚಿದಳು. ಬೆರಳ ತುದಿಗಳು ತೆಂಗಿನ ಗೆರಟೆಯ ಹಾಗೆ ಗಟ್ಟಿಯಾಗಿದ್ದವು. "ಇದಕ್ಕೆ ಬಿಸಿ ಗೊತ್ತಾಗುದಿಲ್ಲ. ಮದ್ದಳೆಯಲ್ಲಿ ಒಳ್ಳೆ ನಾದ ಬೇಕು ಅಂತ ನಾನೇ ಮಾಡಿಕೊಂಡದ್ದು."

ಆ ದನಿಯಲ್ಲಿ ದೂರೂ ಇರಲಿಲ್ಲ, ಜಂಬವೂ ಇರಲಿಲ್ಲ. ಸಾವಿರ ಜನ ಉಸಿರು ಬಿಗಿಹಿಡಿದು ಕೂರುವಂತೆ ಮಾಡಿದ ಬೆರಳುಗಳು ಅವು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಜ್ವರ ಎಷ್ಟಿದೆ ನೋಡೋಣವೆಂದು ನಾನೂ ಮಗುವಿನ ಹಣೆಯ ಮೇಲೆ ಕೈಯಿಟ್ಟೆ. ಆ ಪುಟ್ಟವಳು ನನ್ನ ಕೈಯನ್ನು ತಳ್ಳಿ, "ಹಾಗಲ್ಲ" ಎಂದು ನನ್ನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಕೆನ್ನೆಯನ್ನು ತನ್ನ ಹಣೆಗೆ ಎಳೆದುಕೊಂಡಳು.