ಕೊಡೆ ಕಾರ್ಖಾನೆಯ ಅಳಿಯ

ನಮ್ಮ ಕೊಡೆ ಕಾರ್ಖಾನೆಯ ಯಜಮಾನರಿಗೆ ಒಬ್ಬಳೇ ಮಗಳು, ಹಾಗಾಗಿ ಒಬ್ಬನೇ ಅಳಿಯ. ಒಬ್ಬನೇ ಸಾಕಾಯಿತು. ಮದುವೆಯಾದ ಮೂರನೇ ತಿಂಗಳಿಗೆ ಅವನಿಗೊಂದು ಕೋಣೆ, ತಿರುಗುವ ಕುರ್ಚಿ, ‘ಪೂರೈಕೆ ವಿಭಾಗದ ಮುಖ್ಯಸ್ಥ’ ಎಂಬ ಫಲಕ ಸಿಕ್ಕವು. ಅವನು ತನ್ನ ಕೈಯಾರೆ ಕೊಡೆ ಬಿಚ್ಚಿದ್ದನ್ನು ಕಂಡವರಿಲ್ಲ. ಮಳೆ ಬಂದರೆ ಕಾರಿನವರೆಗೆ ಬೇರೆಯವರೇ ಹಿಡಿಯಬೇಕು.

ಮೊದಲ ವಾರವೇ, ಸರಕು ಎಲ್ಲಿಂದ ಹೇಗೆ ಬರಬೇಕೆಂಬ ಒಂದು ನಕ್ಷೆಯನ್ನು ಗೋಡೆ ತುಂಬ ಅಂಟಿಸಿದ. ಬಾಣಗಳೇ ಬಾಣಗಳು. ಕೊಡೆಯ ಕೋಲಿನೊಳಗೆ ಒಂದು ಚಿಕ್ಕ ಸ್ಪ್ರಿಂಗ್ ಇರುತ್ತದೆ. ಬಿಚ್ಚಿದ ಕೊಡೆ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವುದು ಅದೇ. ಹಿಂದಿನ ಬೀದಿಯ ಮುದುಕನೊಬ್ಬ ಮತ್ತು ಇನ್ನಿಬ್ಬರು ಅದನ್ನು ಮಾಡಿಕೊಡುತ್ತಿದ್ದರು. ಅಳಿಯ ಮೂವರಿಗೂ ‘ನಿಮ್ಮ ಸ್ಪ್ರಿಂಗ್ ಬೇಡ’ ಎಂದು ಒಂದೊಂದು ಸಾಲಿನ ಕಾಗದ ಬರೆದು ಕೈತೊಳೆದುಕೊಂಡ. ಇನ್ನು ಸಮುದ್ರದಾಚೆಯ ಒಂದೇ ಕಂಪನಿ. ಗೋದಾಮಿನಲ್ಲಿ ಎರಡು ತಿಂಗಳ ಸರಕಿನ ಬದಲು ಐದು ದಿನದ್ದು.

ಇಪ್ಪತ್ತೆರಡು ವರ್ಷದಿಂದ ಗೋದಾಮು ನೋಡಿಕೊಳ್ಳುತ್ತಿದ್ದ ಅಕ್ಕ ಡಬ್ಬಿ ಅಲ್ಲಾಡಿಸಿಯೇ ಎಷ್ಟು ಸ್ಪ್ರಿಂಗ್ ಉಳಿದಿವೆ ಎಂದು ಹೇಳುವವಳು. ಅವಳೊಬ್ಬಳೇ ಬಾಯಿಬಿಟ್ಟಳು.

“ಸಾರ್, ಹಡಗು ತಡ ಆದ್ರೆ?”

“ತಡ ಆಗಲ್ಲಮ್ಮ. ನಕ್ಷೆ ನೋಡು, ತಡ ಅನ್ನೋದು ಎಲ್ಲಿದೆ?”

ಕೋಟು ತೊಟ್ಟ ಮ್ಯಾನೇಜರುಗಳು ಕೋಲೆಬಸವನಂತೆ ತಲೆಯಾಡಿಸಿದರು. ಅವರಿಗೆ ಬರುತ್ತಿದ್ದ ಕೆಲಸ ಅದೊಂದೇ.

ಮಳೆಗಾಲಕ್ಕೆ ಇನ್ನು ಎರಡು ವಾರವಿದೆ ಎನ್ನುವಾಗ ಆಚೆ ದಡದ ಬಂದರಿನಲ್ಲಿ ಕೂಲಿಗಳು ಮುಷ್ಕರ ಹೂಡಿದರು. ಆರನೇ ದಿನ ನಮ್ಮ ಡಬ್ಬಿಗಳು ಬರಿದಾದವು. ಎಂಟು ಸಾವಿರ ಕೊಡೆಗಳು, ಬಣ್ಣಬಣ್ಣದವು, ಬಿಚ್ಚಿದರೆ ಹಿಡಿದವರ ತಲೆಯ ಮೇಲೇ ಮುಚ್ಚಿಕೊಳ್ಳುತ್ತಿದ್ದವು. ಅಳಿಯ ಬಂದರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಬೈದ. ಬಂದರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಕೊನೆಗೆ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮುದುಕನ ಅಂಗಡಿಯ ಮುಂದೆ ನಿಲ್ಲಿಸಿದ. ತಾನು ಇಳಿಯಲಿಲ್ಲ; ಗಾಜು ಕೂಡ ಇಳಿಸಲಿಲ್ಲ.

ಮುದುಕ ಹಾಸಿಗೆಗೆ ಹಾಕುವ ದಪ್ಪ ಸ್ಪ್ರಿಂಗ್ ಸುತ್ತುತ್ತಿದ್ದ.

“ಅಣ್ಣ, ಎಂಟು ಸಾವಿರ ಬೇಕು.”

“ನನಗೆ ಕಾಗದ ಬರೆದೋರು ಅಲ್ಲೇ ಕಾರಲ್ಲಿ ಕೂತವ್ರಲ್ಲ, ಅವ್ರೇ ಬಂದು ಕೇಳ್ಲಿ ತಂಗಿ.”

ಅಕ್ಕ ಹೋಗಿ ಕಾರಿನ ಗಾಜು ತಟ್ಟಿದಳು. ಅಳಿಯ ಹತ್ತು ನಿಮಿಷ ಫೋನ್ ಕಿವಿಗಿಟ್ಟುಕೊಂಡು ಮಾತಾಡುವಂತೆ ನಟಿಸಿದ. ಆಮೇಲೆ ಇಳಿದು, ಎಣ್ಣೆ ಮೆತ್ತಿದ ಹೊಸ್ತಿಲ ಮೇಲೆ ನಿಂತು, ತಲೆತಗ್ಗಿಸಿ ಕೇಳಿದ. ಮುದುಕ ಹಾಸಿಗೆಯ ಕೆಲಸ ಪಕ್ಕಕ್ಕಿಟ್ಟ. ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಮಳೆ ಶುರುವಾಗಿ ಅರ್ಧ ಅಂಗಡಿಗಳು ಬೇರೆಯವರ ಕೊಡೆ ತರಿಸಿಕೊಂಡಿದ್ದವು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮುಂದಿನ ಸಭೆಯಲ್ಲಿ ಅಳಿಯ ಹೊಸ ನಕ್ಷೆ ತಂದ. “ಒಬ್ಬರನ್ನೇ ನಂಬಬಾರದು. ಮೂರು ಕಡೆಯಿಂದ ತರಿಸಬೇಕು, ಎರಡು ತಿಂಗಳ ಸರಕು ಇಟ್ಟಿರಬೇಕು. ಇದು ನನ್ನ ಹೊಸ ಯೋಜನೆ,” ಎಂದ. ಮ್ಯಾನೇಜರುಗಳು ಚಪ್ಪಾಳೆ ತಟ್ಟಿದರು.

“ಇದಕ್ಕೇನು ಹೆಸರಿಡೋಣ, ಅಳಿಯಂದ್ರೇ?” ಎಂದರು ಯಜಮಾನರು ಹಿಗ್ಗಿ.

“‘ಮೊದಲಿದ್ದ ಹಾಗೆ’ ಅಂತ ಇಡಿ ಸಾರ್,” ಎಂದಳು ಅಕ್ಕ.

ಯಜಮಾನರು ಅಳಿಯನ ಮುಖ ನೋಡಿದರು. ಸ್ಪ್ರಿಂಗ್ ಎಲ್ಲಿಂದ, ಎಷ್ಟು ತರಿಸಬೇಕಾದರೂ ಅಕ್ಕನ ಸಹಿ ಬೇಕೆಂದು ಮರುದಿನವೇ ಬರೆದುಕೊಟ್ಟರು. ಅಳಿಯನ ಕುರ್ಚಿ ಈಗಲೂ ತಿರುಗುತ್ತದೆ. ಅವನು ಮಾತ್ರ ಗೋದಾಮಿನ ಮುಂದೆ ಹಾಯುವುದಿಲ್ಲ. ಊಟಕ್ಕೆ ಹೋಗಲು ಇಡೀ ಕಟ್ಟಡ ಸುತ್ತಿಕೊಂಡು ಹೋಗುತ್ತಾನೆ.